ಕೆನಡಾದಲ್ಲಿ ಮೊದಲ ಚಲನಚಿತ್ರದ ಹಣಕಾಸು: ಕಂಪನಿ ನೋಂದಣಿಯಿಂದ ತೆರಿಗೆ ಕ್ರೆಡಿಟ್ ಕೈಸೇರುವವರೆಗೆ

ಟೊರೊಂಟೊದಲ್ಲಿ ಸಿನಿಮಾ ಕೆಲಸಕ್ಕೆ ಸೇರುವವರಿಗೆ ಪ್ರೊಡಕ್ಷನ್ ಕಚೇರಿಯಲ್ಲಿ ಮೊದಲ ದಿನ ಕೊಡುವ ಕಾಗದಗಳ ಕಟ್ಟಿನಲ್ಲಿ ವಾಸಸ್ಥಳದ ಘೋಷಣಾ ಪತ್ರವೊಂದು ಇರುತ್ತದೆ. ಇಂಥ ವರ್ಷದ ಡಿಸೆಂಬರ್ 31ರಂದು ನೀವು ಯಾವ ಪ್ರಾಂತ್ಯದಲ್ಲಿ ವಾಸವಾಗಿದ್ದಿರಿ ಎಂಬುದೇ ಅದರ ಮುಖ್ಯ ಪ್ರಶ್ನೆ. ಲೈಟ್ ಹಿಡಿಯುವವರಿಂದ ನಿರ್ದೇಶಕರವರೆಗೆ ಎಲ್ಲರೂ ವಿಳಾಸದ ದಾಖಲೆ ಲಗತ್ತಿಸಿ ಸಹಿ ಹಾಕಬೇಕು. ಗಾಂಧಿನಗರದಲ್ಲಿ ಸಿನಿಮಾ ವ್ಯವಹಾರ ಕಲಿತು ಬಂದವರಿಗೆ ಇದು ಗುಮಾಸ್ತರ ಕಿರಿಕಿರಿಯಂತೆ ಕಾಣಬಹುದು; ಆದರೆ ಕೆನಡಾದ ಸಣ್ಣ ಚಿತ್ರವೊಂದರ ಬಂಡವಾಳದಲ್ಲಿ ಹತ್ತಿರಹತ್ತಿರ ಮೂರನೇ ಒಂದು ಪಾಲು ಇಂಥ ಹಾಳೆಗಳನ್ನೇ ನಂಬಿಕೊಂಡು ನಿಂತಿರುತ್ತದೆ.

ಕರ್ನಾಟಕದಲ್ಲಿ ಸಹಾಯಧನ ಬರುವುದು ಚಿತ್ರ ಮುಗಿದು, ಆಯ್ಕೆ ಸಮಿತಿಯವರು ಅದನ್ನು ನೋಡಿ ಗುಣಮಟ್ಟದ ಬಗ್ಗೆ ತೀರ್ಮಾನಕ್ಕೆ ಬಂದ ಮೇಲೆ. ಕೆನಡಾದ ತೆರಿಗೆ ಕ್ರೆಡಿಟ್, ಅಂದರೆ ಚಿತ್ರಕ್ಕಾಗಿ ಕೊಟ್ಟ ಸಂಬಳದ ಒಂದು ಪಾಲನ್ನು ಸರ್ಕಾರ ಕಂಪನಿಗೆ ಹಿಂದಿರುಗಿಸುವ ನೆರವು, ಚಿತ್ರ ಚೆನ್ನಾಗಿದೆಯೇ ಎಂದು ಕೇಳುವುದೇ ಇಲ್ಲ. ಯಾರಿಗೆ ಎಷ್ಟು ಸಂಬಳ ಕೊಟ್ಟಿರಿ, ಅವರು ಎಲ್ಲಿಯವರು, ಚಿತ್ರದ ಹಕ್ಕು ಯಾರ ಕೈಯಲ್ಲಿದೆ ಎಂಬ ಮೂರೇ ಪ್ರಶ್ನೆಗಳ ಮೇಲೆ ಅದರ ವ್ಯವಸ್ಥೆ ನಡೆಯುತ್ತದೆ. ಆದ್ದರಿಂದ ಇಲ್ಲಿ ನಿರ್ಮಾಪಕರಾಗ ಹೊರಟವರು ಛಾಯಾಗ್ರಾಹಕರನ್ನು ಗೊತ್ತುಮಾಡುವ ಮೊದಲೇ ಸಿನಿಮಾ ಲೆಕ್ಕ ಬಲ್ಲ ಲೆಕ್ಕಿಗರನ್ನು ಗೊತ್ತುಮಾಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಟೊರೊಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ 10 ಲಕ್ಷ ಕೆನಡಿಯನ್ ಡಾಲರ್ ಬಜೆಟ್ಟಿನಲ್ಲಿ ತಯಾರಾಗುವ ಒಂದು ಕಥಾಚಿತ್ರವನ್ನು ಉದಾಹರಣೆಯಾಗಿಟ್ಟುಕೊಂಡು ಈ ಮಾರ್ಗದರ್ಶಿ ಸಾಗುತ್ತದೆ. ಕ್ರೆಡಿಟ್ಟಿನ ದರಗಳು ಸರ್ಕಾರದ ಬಜೆಟ್ ಮಂಡನೆಯ ಜೊತೆಗೆ ಬದಲಾಗುವುದರಿಂದ ಅರ್ಜಿ ಹಾಕುವ ದಿನದ ದರವನ್ನು ನೋಡಿಕೊಂಡೇ ಮುಂದುವರಿಯಬೇಕು.

ಹಂತ 1: ದೇಶೀಯ ಚಿತ್ರವೋ, ಸೇವಾ ನಿರ್ಮಾಣವೋ ಎಂದು ನಿರ್ಧರಿಸುವುದು

ಕೆನಡಾದ ಫೆಡರಲ್ ಸರ್ಕಾರ ಎರಡು ಬಗೆಯ ತೆರಿಗೆ ಕ್ರೆಡಿಟ್ ಕೊಡುತ್ತದೆ. ಮೊದಲನೆಯದು ಕೆನಡಿಯನ್ನರ ಒಡೆತನದ, ಕೆನಡಿಯನ್ನರೇ ಮುಖ್ಯ ಹುದ್ದೆಗಳಲ್ಲಿರುವ ದೇಶೀಯ ಚಿತ್ರಗಳಿಗೆ. ಇದನ್ನು ಸಿಪಿಟಿಸಿ ಎನ್ನುತ್ತಾರೆ, ಇದರ ದರ ಅರ್ಹ ಸಂಬಳ ವೆಚ್ಚದ ಶೇ. 25. ಎರಡನೆಯದು ಸೇವಾ ನಿರ್ಮಾಣಕ್ಕೆ, ಅಂದರೆ ಹೊರದೇಶದ ಚಿತ್ರಗಳು ಕೆನಡಾಕ್ಕೆ ಬಂದು ತಯಾರಾದಾಗ, ಸಿಗುವ ಪಿಎಸ್‌ಟಿಸಿ, ಇದರ ದರ ಕೆನಡಾದ ನಿವಾಸಿಗಳಿಗೆ ಕೊಟ್ಟ ಸಂಬಳದ ಶೇ. 16. ಎರಡೂ ಮರುಪಾವತಿಯ ಕ್ರೆಡಿಟ್‌ಗಳು, ಅಂದರೆ ಕಂಪನಿ ಒಂದು ಪೈಸೆ ತೆರಿಗೆ ಕಟ್ಟಬೇಕಾಗಿಲ್ಲದಿದ್ದರೂ ಸರ್ಕಾರ ಹಣವನ್ನೇ ಕೊಡುತ್ತದೆ. ಕೆನಡಿಯನ್ ಹೆರಿಟೇಜ್ ಇಲಾಖೆಯ ಕ್ಯಾವ್ಕೋ ಎಂಬ ಪ್ರಮಾಣೀಕರಣ ಕಚೇರಿ ಚಿತ್ರಕ್ಕೆ ಅರ್ಹತೆಯ ಪ್ರಮಾಣಪತ್ರ ಕೊಡುತ್ತದೆ, ಕಂದಾಯ ಇಲಾಖೆಯಾದ ಸಿಆರ್‌ಎ ಹಣ ಪಾವತಿಸುತ್ತದೆ.

ಇದರ ಮೇಲೆ ಪ್ರಾಂತ್ಯಗಳ ಕ್ರೆಡಿಟ್ ಬೇರೆ. ಒಂಟಾರಿಯೊ ದೇಶೀಯ ಚಿತ್ರಗಳಿಗೆ ಪ್ರಾಂತ್ಯದವರ ಸಂಬಳದ ಮೇಲೆ ಶೇ. 35 ಕೊಡುತ್ತದೆ, ಸೇವಾ ನಿರ್ಮಾಣಗಳಿಗೆ ಸಂಬಳವಷ್ಟೇ ಅಲ್ಲದೆ ಬಾಡಿಗೆ, ಸಾಮಗ್ರಿ ಮುಂತಾದ ಅರ್ಹ ವೆಚ್ಚಗಳನ್ನೂ ಸೇರಿಸಿ ಶೇ. 21.5 ಕೊಡುತ್ತದೆ. ಬ್ರಿಟಿಷ್ ಕೊಲಂಬಿಯಾ ತನ್ನ ಸೇವಾ ನಿರ್ಮಾಣದ ದರವನ್ನು 2025ರ ಆರಂಭದಿಂದ ಶೇ. 28ರಿಂದ ಶೇ. 36ಕ್ಕೆ ಏರಿಸಿತು. 2023ರಲ್ಲಿ ಅಮೆರಿಕದ ಲೇಖಕರೂ ನಟರೂ ಮುಷ್ಕರ ಹೂಡಿದಾಗ ಆ ಪ್ರಾಂತ್ಯದ ವ್ಯಾಂಕೂವರ್‌ನ ಸ್ಟುಡಿಯೋಗಳು ತಿಂಗಳುಗಟ್ಟಲೆ ಖಾಲಿ ಬಿದ್ದದ್ದನ್ನು ನೋಡಿದವರಿಗೆ, ಆ ನಗರದ ಸಿನಿಮಾ ಉದ್ಯೋಗ ಹಾಲಿವುಡ್ಡಿನ ಸೇವೆಯನ್ನು ಎಷ್ಟು ನೆಚ್ಚಿಕೊಂಡಿದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಬೆಂಗಳೂರಿನ ಕಂಪನಿಯೊಂದು ಹತ್ತು ದಿನದ ಚಿತ್ರೀಕರಣಕ್ಕೆ ಕೆನಡಾಕ್ಕೆ ಬರುವುದಾದರೆ ಅದು ನೋಡಬೇಕಾದದ್ದು ಎರಡನೆಯ ದಾರಿಯನ್ನು. ಕಥಾಚಿತ್ರದ ಒಟ್ಟು ವೆಚ್ಚ 10 ಲಕ್ಷ ಕೆನಡಿಯನ್ ಡಾಲರ್ ಮೀರಿರಬೇಕು. ಜೊತೆಗೆ ಹೊರದೇಶದ ನಟರ ಸಂಭಾವನೆಯಲ್ಲಿ ಶೇ. 23 ಮತ್ತು ತೆರೆಯ ಹಿಂದೆ ಕೆಲಸ ಮಾಡುವ ಹೊರದೇಶದವರ ಶುಲ್ಕದಲ್ಲಿ ಶೇ. 15 ಮೂಲದಲ್ಲೇ ಹಿಡಿದು ಸಿಆರ್‌ಎಗೆ ಕಟ್ಟಬೇಕು. ನಾಯಕನಟರೊಡನೆ ಕರಾರು ಬರೆಯುವಾಗಲೇ ಈ ಶೇ. 23ನ್ನು ಭರಿಸುವವರು ಯಾರೆಂದು ನಮೂದಿಸದಿದ್ದರೆ ಜಗಳ ಖಚಿತ. ಇಲ್ಲಿಂದ ಮುಂದೆ ಮಾತು ದೇಶೀಯ ಚಿತ್ರದ್ದು.

ಹಂತ 2: ಹತ್ತು ಅಂಕಗಳ ಲೆಕ್ಕ

ಕ್ಯಾವ್ಕೋ ಪ್ರತಿ ಚಿತ್ರಕ್ಕೂ ಹತ್ತು ಅಂಕಗಳ ಪಟ್ಟಿ ಇಟ್ಟುಕೊಂಡಿದೆ. ನಿರ್ದೇಶಕರಿಗೆ 2, ಚಿತ್ರಕಥೆಗಾರರಿಗೆ 2. ಅತಿ ಹೆಚ್ಚು ಸಂಭಾವನೆ ಪಡೆಯುವ ಇಬ್ಬರು ಪ್ರಧಾನ ನಟರಿಗೆ ತಲಾ 1. ಛಾಯಾಗ್ರಾಹಕ, ಕಲಾ ನಿರ್ದೇಶಕ, ಸಂಗೀತ ಸಂಯೋಜಕ ಮತ್ತು ಸಂಕಲನಕಾರರಿಗೆ ತಲಾ 1. ಈ ಹುದ್ದೆಗಳಲ್ಲಿ ಇರುವವರು ಕೆನಡಿಯನ್ನರಾಗಿದ್ದರಷ್ಟೇ ಅಂಕ ಸಿಗುತ್ತದೆ. ಕನಿಷ್ಠ 6 ಅಂಕ ಬೇಕು. ನಿರ್ದೇಶಕ ಇಲ್ಲವೇ ಚಿತ್ರಕಥೆಗಾರರಲ್ಲಿ ಒಬ್ಬರು, ಪ್ರಧಾನ ನಟರಿಬ್ಬರಲ್ಲಿ ಒಬ್ಬರು ಕೆನಡಿಯನ್ನರಾಗಿರಲೇಬೇಕು. ನಿರ್ಮಾಪಕರ ಹುದ್ದೆಗೆ ಅಂಕವಿಲ್ಲ, ಏಕೆಂದರೆ ನಿರ್ಮಾಪಕರು ಕೆನಡಿಯನ್ನರೇ ಆಗಿರಬೇಕೆಂಬುದು ಮೂಲ ನಿಯಮ. ಭಾಷೆಗೂ ಈ ಪಟ್ಟಿಯಲ್ಲಿ ಅಂಕವಿಲ್ಲ. ದೀಪಾ ಮೆಹ್ತಾ ಅವರ ‘ವಾಟರ್’ ಹಿಂದಿ ಚಿತ್ರವಾಗಿದ್ದೂ ಆಸ್ಕರ್‌ನ ವಿದೇಶಿ ಭಾಷಾ ವಿಭಾಗದಲ್ಲಿ ಕೆನಡಾದ ಚಿತ್ರವಾಗಿಯೇ ನಾಮನಿರ್ದೇಶನಗೊಂಡಿತ್ತು. ಹಾಗಾಗಿ ಟೊರೊಂಟೊ ಪಕ್ಕದ ಮಿಸಿಸಾಗಾದಲ್ಲಿ ನಡೆಯುವ ಕಥೆಯೊಂದನ್ನು ಕನ್ನಡದಲ್ಲಿ ಚಿತ್ರೀಕರಿಸಿದರೆ ಕ್ಯಾವ್ಕೋ ಅಂಕಗಳಿಗೆ ಅದರಿಂದ ಅಡ್ಡಿಯಿಲ್ಲ.

ಇಲ್ಲಿ ಹೊಸಬರು ಎಡವುವುದು ‘ಕೆನಡಿಯನ್’ ಎಂಬ ಪದದ ಅರ್ಥದಲ್ಲಿ. ಅಂಕಕ್ಕೆ ಬೇಕಾದದ್ದು ಪೌರತ್ವ ಅಥವಾ ಪರ್ಮನೆಂಟ್ ರೆಸಿಡೆಂಟ್ ಸ್ಥಾನಮಾನ, ಅದೂ ಕೆಲಸ ಆರಂಭಿಸುವ ದಿನದಿಂದಲೇ. ಓದು ಮುಗಿಸಿ ವರ್ಕ್ ಪರ್ಮಿಟ್ ಮೇಲೆ ಇರುವ ಪ್ರತಿಭಾವಂತ ಸಂಕಲನಕಾರರಿಗೆ ಅಂಕ ಸಿಗುವುದಿಲ್ಲ. ಆದರೆ ಅವರು ತೆರಿಗೆಯ ದೃಷ್ಟಿಯಿಂದ ಕೆನಡಾದ ನಿವಾಸಿಯಾಗಿದ್ದರೆ ಅವರ ಸಂಬಳ ಕ್ರೆಡಿಟ್‌ನ ಲೆಕ್ಕಕ್ಕೆ ಬರುತ್ತದೆ. ಅಂಕದ ನಿಯಮ ಒಂದು, ಸಂಬಳದ ನಿಯಮ ಇನ್ನೊಂದು. ಎರಡನ್ನೂ ಒಂದೇ ಹಾಳೆಯಲ್ಲಿ ಬೇರೆ ಬೇರೆ ಕಾಲಮ್ಮುಗಳಲ್ಲಿ ಬರೆದಿಟ್ಟುಕೊಳ್ಳಿ. ಆರಕ್ಕೆ ಆರೇ ಅಂಕ ಇಟ್ಟುಕೊಂಡು ಚಿತ್ರೀಕರಣಕ್ಕೆ ಇಳಿಯುವುದು ದುಸ್ಸಾಹಸ. ಛಾಯಾಗ್ರಾಹಕರು ಅರ್ಧದಲ್ಲಿ ಬಿಟ್ಟುಹೋಗಿ, ಬದಲಿಗೆ ಅಂಕ ತಾರದವರು ಬಂದರೆ ಇಡೀ ಫೆಡರಲ್ ಕ್ರೆಡಿಟ್ ಕೈತಪ್ಪುತ್ತದೆ. ಎಂಟು ಅಂಕವಿದ್ದರೆ ನೆಮ್ಮದಿ.

ಹಂತ 3: ಹಕ್ಕಿನ ಪತ್ರಗಳು ಮತ್ತು ಕಂಪನಿ

ಪ್ರತಿ ಚಿತ್ರಕ್ಕೂ ಪ್ರತ್ಯೇಕ ಕಂಪನಿ ಸ್ಥಾಪಿಸುವುದು ಇಲ್ಲಿಯ ರೂಢಿ. ಆ ಕಂಪನಿಗೆ ಆ ಒಂದು ಚಿತ್ರದ ಹೊರತು ಬೇರೆ ವ್ಯವಹಾರವಿರುವುದಿಲ್ಲ. ಚಿತ್ರ ಸೋತರೂ ನಿರ್ಮಾಪಕರ ಮಾತೃ ಕಂಪನಿಗೆ ಸಾಲ ಅಂಟುವುದಿಲ್ಲ, ಲೆಕ್ಕಪರಿಶೋಧನೆಯೂ ಸರಳವಾಗುತ್ತದೆ. ಹಣಕಾಸಿನ ವರ್ಷದ ಕೊನೆಯ ದಿನವನ್ನು ಯೋಚಿಸಿ ಆರಿಸಿಕೊಳ್ಳಬೇಕು. ಜೂನ್–ಜುಲೈನಲ್ಲಿ ಚಿತ್ರೀಕರಣವಿದ್ದರೆ ಡಿಸೆಂಬರ್ ತನಕ ಕಾಯುವ ಬದಲು ಆಗಸ್ಟ್ 31ಕ್ಕೆ ವರ್ಷ ಮುಗಿಸಿದಲ್ಲಿ ತೆರಿಗೆ ವಿವರ ಬೇಗ ಸಲ್ಲಿಸಬಹುದು, ಕ್ರೆಡಿಟ್ ಬೇಗ ಬರುತ್ತದೆ, ಬ್ಯಾಂಕಿನ ಬಡ್ಡಿ ಅಷ್ಟು ತಿಂಗಳು ಉಳಿಯುತ್ತದೆ.

ಆ ಕಂಪನಿಯ ಹೆಸರಿಗೆ ಚಿತ್ರಕಥೆಯ ಹಕ್ಕು ಬರೆದುಕೊಡಬೇಕು. ಇಲ್ಲಿನ ವಕೀಲರು ‘ಚೈನ್ ಆಫ್ ಟೈಟಲ್’ ಎಂದು ಕರೆಯುವುದನ್ನು ನಮ್ಮವರು ಸುಲಭವಾಗಿ ಅರ್ಥಮಾಡಿಕೊಳ್ಳಬಹುದು: ಸೈಟು ಕೊಳ್ಳುವಾಗ ಮದರ್ ಡೀಡ್‌ನಿಂದ ಇವತ್ತಿನ ಕ್ರಯಪತ್ರದವರೆಗೆ ಕೊಂಡಿ ತಪ್ಪದೆ ಪತ್ರಗಳಿರಬೇಕಲ್ಲ, ಅದೇ ರೀತಿ. ಕಾದಂಬರಿಕಾರರಿಂದ ಚಿತ್ರಕಥೆಗಾರರಿಗೆ, ಅವರಿಂದ ನಿರ್ಮಾಪಕರಿಗೆ, ನಿರ್ಮಾಪಕರಿಂದ ಈ ಕಂಪನಿಗೆ ಪ್ರತಿಯೊಂದು ವರ್ಗಾವಣೆಗೂ ಸಹಿ ಹಾಕಿದ ಪತ್ರ ಇರಬೇಕು. ಗೆಳೆಯನೊಬ್ಬ ಕಾಫಿ ಕುಡಿಯುತ್ತ ಎರಡು ದೃಶ್ಯ ಬರೆದುಕೊಟ್ಟಿದ್ದರೆ ಅವನಿಂದಲೂ ಬರೆಸಿಕೊಳ್ಳಿ. ಈ ಪತ್ರಗಳಿಲ್ಲದೆ ವಿಮೆಯವರು ಹಕ್ಕಿನ ತಕರಾರುಗಳ ವಿರುದ್ಧದ ಪಾಲಿಸಿ ಕೊಡುವುದಿಲ್ಲ, ಆ ಪಾಲಿಸಿ ಇಲ್ಲದೆ ವಿತರಕರು ಚಿತ್ರ ಮುಟ್ಟುವುದಿಲ್ಲ.

ಹಂತ 4: ಬಜೆಟ್ ಬರೆಯುವುದು, ಕ್ರೆಡಿಟ್ ಎಷ್ಟೆಂದು ಕಂಡುಕೊಳ್ಳುವುದು

ಕೆನಡಾದ ಬಜೆಟ್ ನಮೂನೆಯಲ್ಲಿ ಪ್ರತಿ ಖರ್ಚಿಗೂ ಖಾತೆ ಸಂಖ್ಯೆ ಇರುತ್ತದೆ. ಅನುಭವಿ ಲೆಕ್ಕಿಗರು ಪ್ರತಿ ಸಾಲಿನ ಎದುರು ಸಂಬಳವೋ ಅಲ್ಲವೋ, ಒಂಟಾರಿಯೊದವರೋ ಹೊರಗಿನವರೋ ಎಂಬ ಗುರುತನ್ನೂ ಹಾಕುತ್ತಾರೆ. ಕ್ಯಾಮೆರಾ ಬಾಡಿಗೆ, ಹೋಟೆಲ್, ಊಟ, ಪೆಟ್ರೋಲು ಸಂಬಳವಲ್ಲ. ಒಟ್ಟು ವೆಚ್ಚದ ಶೇ. 10ರಷ್ಟನ್ನು ಅನಿರೀಕ್ಷಿತ ಖರ್ಚಿಗೆಂದು ಮೀಸಲಿಡುವುದು ವಾಡಿಕೆ.

ನಮ್ಮ ಉದಾಹರಣೆಯ ಚಿತ್ರದ ವೆಚ್ಚ 10 ಲಕ್ಷ ಡಾಲರ್. ಅದರಲ್ಲಿ ಒಂಟಾರಿಯೊ ನಿವಾಸಿಗಳ ಅರ್ಹ ಸಂಬಳ 5,50,000 ಡಾಲರ್ ಎಂದಿಟ್ಟುಕೊಳ್ಳಿ. ಮೊದಲ ಬಾರಿಯ ನಿರ್ಮಾಪಕರಿಗೆ ಒಂಟಾರಿಯೊ ಮೊದಲ 2,40,000 ಡಾಲರ್ ಸಂಬಳದ ಮೇಲೆ ಶೇ. 40 ಕೊಡುತ್ತದೆ, ಅಲ್ಲಿಗೆ 96,000 ಆಯಿತು. ಉಳಿದ 3,10,000ದ ಮೇಲೆ ಶೇ. 35ರಂತೆ 1,08,500. ಪ್ರಾಂತ್ಯದ ಕ್ರೆಡಿಟ್ ಒಟ್ಟು 2,04,500 ಡಾಲರ್.

ಫೆಡರಲ್ ಲೆಕ್ಕದಲ್ಲಿ ಒಂದು ಕೊಕ್ಕೆ ಇದೆ. ಪ್ರಾಂತ್ಯ ಕೊಟ್ಟದ್ದನ್ನು ಸರ್ಕಾರದ ನೆರವು ಎಂದು ಪರಿಗಣಿಸಿ ಚಿತ್ರದ ವೆಚ್ಚದಿಂದ ಮೊದಲು ಕಳೆಯಬೇಕು: 10,00,000ದಲ್ಲಿ 2,04,500 ಹೋದರೆ 7,95,500. ಇದರ ಶೇ. 60, ಅಂದರೆ 4,77,300, ಫೆಡರಲ್ ಸರ್ಕಾರ ಒಪ್ಪುವ ಸಂಬಳದ ಗರಿಷ್ಠ ಮಿತಿ. ನಿಮ್ಮ ನಿಜವಾದ ಸಂಬಳ ಇದಕ್ಕಿಂತ ಹೆಚ್ಚಿದ್ದರೂ ಮಿತಿಯಷ್ಟೇ ಲೆಕ್ಕಕ್ಕೆ ಬರುತ್ತದೆ. ಅದರ ಶೇ. 25 ಎಂದರೆ 1,19,325 ಡಾಲರ್. ಎರಡೂ ಸೇರಿ 3,23,825 ಡಾಲರ್, ಬಜೆಟ್ಟಿನ ಶೇ. 32ಕ್ಕಿಂತ ತುಸು ಹೆಚ್ಚು. ಟೊರೊಂಟೊ ಮಹಾನಗರ ವಲಯದ ಹೊರಗೆ, ಉದಾಹರಣೆಗೆ ಸಡ್‌ಬರಿ ಅಥವಾ ನಾರ್ತ್ ಬೇಯಲ್ಲಿ ಚಿತ್ರೀಕರಿಸಿ ಅಲ್ಲಿ ಇಂತಿಷ್ಟು ದಿನ ಚಿತ್ರೀಕರಿಸಬೇಕೆಂಬ ನಿಯಮ ಪೂರೈಸಿದರೆ ಪ್ರಾಂತ್ಯದ ದರಕ್ಕೆ ಇನ್ನೂ ಶೇ. 10 ಕೂಡುತ್ತದೆ, ಆದರೆ ತಂಡವನ್ನು ಅಲ್ಲಿಗೆ ಕರೆದೊಯ್ದು ಹೋಟೆಲಿನಲ್ಲಿ ಇರಿಸುವ ಖರ್ಚನ್ನು ಕೂಡಿಸಿ ನೋಡಿಯೇ ನಿರ್ಧರಿಸಬೇಕು.

ಈಗ ಆರಂಭದಲ್ಲಿ ಹೇಳಿದ ಡಿಸೆಂಬರ್ 31ರ ವಿಷಯ. ಒಂಟಾರಿಯೊದ ನಿಯಮದಂತೆ, ಪ್ರಧಾನ ಚಿತ್ರೀಕರಣ ಆರಂಭವಾಗುವ ವರ್ಷದ ಹಿಂದಿನ ಡಿಸೆಂಬರ್ 31ರಂದು ಯಾರು ಪ್ರಾಂತ್ಯದ ನಿವಾಸಿಯಾಗಿದ್ದರೋ ಅವರ ಸಂಬಳ ಮಾತ್ರ ಅರ್ಹ. ನಾನು ಲೆಕ್ಕ ನೋಡಿದ ಚಿತ್ರವೊಂದರಲ್ಲಿ 40,000 ಡಾಲರ್ ಸಂಭಾವನೆಯ ಸಂಕಲನಕಾರರು ಬೇರೆ ಪ್ರಾಂತ್ಯದ ಕ್ಯಾಲ್ಗರಿಯಿಂದ ಟೊರೊಂಟೊಕ್ಕೆ ಮನೆ ಬದಲಿಸಿದ್ದು ಜನವರಿ ಮೊದಲ ವಾರದಲ್ಲಿ. ಚಿತ್ರೀಕರಣ ಅದೇ ವರ್ಷದ ಮೇ ತಿಂಗಳಲ್ಲಿ. ಅವರ ಹೊಸ ಬಾಡಿಗೆ ಕರಾರಿನ ದಿನಾಂಕ ನೋಡಿ ನಾನು ಪೆನ್ಸಿಲಿನಿಂದ ಗೆರೆ ಎಳೆದೆ. ಪ್ರಾಂತ್ಯದ ಶೇ. 35, ಅಂದರೆ 14,000 ಡಾಲರ್ ಹೋಯಿತು. ನೆರವು ಕಡಿಮೆಯಾದದ್ದರಿಂದ ಫೆಡರಲ್ ಮಿತಿ 8,400 ಏರಿ 2,100 ಡಾಲರ್ ಹಿಂದೆ ಬಂತು. ನಿವ್ವಳ ನಷ್ಟ 11,900. ಐದಾರು ದಿನ ಮುಂಚೆ ಮನೆ ಬದಲಿಸಿದ್ದರೆ ಈ ಗೆರೆ ಇರುತ್ತಿರಲಿಲ್ಲ.

ಇನ್ನೊಂದು ಮಾತನ್ನು ನಮ್ಮ ಸಮುದಾಯದವರಿಗೆ ವಿಶೇಷವಾಗಿ ಹೇಳಬೇಕು. ಸಂಘದ ಗೆಳೆಯರು ಸೇರಿ ಬಿಟ್ಟಿ ಕೆಲಸ ಮಾಡಿಕೊಡುವುದು ಉಳಿತಾಯವೆಂದು ನಾವು ತಿಳಿಯುತ್ತೇವೆ. ಈ ವ್ಯವಸ್ಥೆಯಲ್ಲಿ ಬಿಟ್ಟಿ ಕೆಲಸಕ್ಕೆ ಶೂನ್ಯ ಕ್ರೆಡಿಟ್. ‘ಚಿತ್ರ ಗೆದ್ದರೆ ಕೊಡುತ್ತೇನೆ’ ಎಂದು ಮುಂದೂಡಿದ ಸಂಭಾವನೆಯೂ ಹಾಗೆಯೇ: ಆ ತೆರಿಗೆ ವರ್ಷದಲ್ಲಿ ಅಥವಾ ವರ್ಷ ಮುಗಿದ 60 ದಿನಗಳೊಳಗೆ ಹಣ ನಿಜವಾಗಿ ಪಾವತಿಯಾಗಿರಬೇಕು. ಕೊಟ್ಟ ಹಾಗೆ ಮಾಡಿ ಹಿಂದೆ ತೆಗೆದುಕೊಳ್ಳುವ ಉಪಾಯ ಯಾರಾದರೂ ಹೇಳಿಕೊಟ್ಟರೆ ಅವರಿಂದ ದೂರವಿರಿ, ಅದು ವಂಚನೆ.

ಹಂತ 5: ಉಳಿದ ಮೂರನೇ ಎರಡು ಪಾಲು, ಮತ್ತು ಹಕ್ಕು ಮಾರುವಾಗಿನ ಎಚ್ಚರ

ಉದಾಹರಣೆಯ ಚಿತ್ರಕ್ಕೆ ಇನ್ನೂ 6,76,175 ಡಾಲರ್ ಬೇಕು. ದೊಡ್ಡ ಬಾಗಿಲು ಟೆಲಿಫಿಲ್ಮ್ ಕೆನಡಾ. 1967ರ ಕಾಯಿದೆಯಿಂದ ಬೇರೊಂದು ಹೆಸರಿನಲ್ಲಿ ಹುಟ್ಟಿದ ಈ ಸರ್ಕಾರಿ ನಿಗಮ ಕಥಾಚಿತ್ರಗಳಲ್ಲಿ ಹಣ ಹೂಡುತ್ತದೆ. ಮೊದಲ ಚಿತ್ರ ಮಾಡುವವರಿಗೆ ‘ಟ್ಯಾಲೆಂಟ್ ಟು ವಾಚ್’ ಎಂಬ ಪ್ರತ್ಯೇಕ ಯೋಜನೆಯಿದೆ. ಟೆಲಿಫಿಲ್ಮ್ ಆಯ್ಕೆ ಮಾಡುತ್ತದೆ, ಕಥೆ ಓದುತ್ತದೆ, ತಿರಸ್ಕರಿಸುತ್ತದೆ. ತೆರಿಗೆ ಕ್ರೆಡಿಟ್‌ನಂತೆ ಅರ್ಹತೆ ಇದ್ದವರಿಗೆಲ್ಲ ಕೊಡುವಂಥದ್ದಲ್ಲ. ಅಲ್ಲಿ ಭಾಷೆಯ ಷರತ್ತುಗಳೂ ಇರುವುದರಿಂದ ಕನ್ನಡದಲ್ಲಿ ಚಿತ್ರ ಮಾಡುವವರು ಮಾರ್ಗಸೂಚಿಯನ್ನು ಸಾಲುಸಾಲಾಗಿ ಓದಿಯೇ ಅರ್ಜಿ ಬರೆಯಬೇಕು. ದೂರದರ್ಶನ ಧಾರಾವಾಹಿಗಳಿಗೆ ಕೆನಡಾ ಮೀಡಿಯಾ ಫಂಡ್ ಇದೆ, ಆದರೆ ವಾಹಿನಿಯೊಂದು ಪರವಾನಗಿ ಶುಲ್ಕದ ಭರವಸೆ ಕೊಡದೆ ಸಾಮಾನ್ಯವಾಗಿ ಅದರ ಹಣದ ಮಾತೇ ಏಳುವುದಿಲ್ಲ. ಮಿಕ್ಕದ್ದು ವಿತರಕರ ಮುಂಗಡ, ಖಾಸಗಿ ಹೂಡಿಕೆ, ನಿರ್ಮಾಪಕರು ಬಿಟ್ಟುಕೊಟ್ಟ ಶುಲ್ಕ.

ಗಾಂಧಿನಗರದ ಅಭ್ಯಾಸ ಅಪಾಯಕಾರಿಯಾಗುವುದು ಇಲ್ಲಿಯೇ. ಹಣದ ಮುಗ್ಗಟ್ಟಿನಲ್ಲಿ ಚಿತ್ರದ ಎಲ್ಲ ಹಕ್ಕುಗಳನ್ನೂ ಒಬ್ಬರಿಗೇ ಶಾಶ್ವತವಾಗಿ ಬರೆದುಕೊಟ್ಟು ಕೈತೊಳೆದುಕೊಳ್ಳುವುದು ನಮ್ಮಲ್ಲಿ ಹೊಸದಲ್ಲ. ಸಿಪಿಟಿಸಿ ನಿಯಮದಂತೆ ಚಿತ್ರದ ವಾಣಿಜ್ಯ ಹಕ್ಕುಗಳ ಮೇಲಿನ ಹಿಡಿತ 25 ವರ್ಷ ನಿರ್ಮಾಪಕರ ಕೈಯಲ್ಲಿ ಇರಬೇಕು, ಕೆನಡಾದ ಹೊರಗಿನ ನಿವ್ವಳ ಲಾಭದಲ್ಲಿ ಕನಿಷ್ಠ ಶೇ. 25 ನಿರ್ಮಾಪಕರಿಗೆ ಉಳಿಯಬೇಕು. ಅವಧಿ, ಪ್ರದೇಶ, ಮಾಧ್ಯಮ ಇವಿಷ್ಟನ್ನು ಹೆಸರಿಸಿ ಪರವಾನಗಿ ಕೊಡಬಹುದು, ಸಾರಾಸಗಟು ಮಾರುವಂತಿಲ್ಲ. ಇಷ್ಟು ಬಿಗಿಗೆ ಚರಿತ್ರೆಯ ಕಾರಣವಿದೆ: 1974ರಿಂದ ಸಿನಿಮಾ ಹೂಡಿಕೆಯನ್ನು ನೂರಕ್ಕೆ ನೂರು ಆದಾಯದಿಂದ ಕಳೆಯಲು ಬಿಟ್ಟಾಗ ವೈದ್ಯರು, ದಂತವೈದ್ಯರು ತೆರಿಗೆ ಉಳಿಸಲೆಂದೇ ಹಣ ಹಾಕಿದರು, ಹಾಗೆ ತಯಾರಾದ ಎಷ್ಟೋ ಚಿತ್ರಗಳು ಚಿತ್ರಮಂದಿರ ಕಾಣಲೇ ಇಲ್ಲ. ಇಂದಿನ ಕ್ರೆಡಿಟ್ ಆ ಪದ್ಧತಿಯ ಸ್ಥಾನಕ್ಕೆ ಬಂದದ್ದು 1995ರಲ್ಲಿ.

ಆದ್ದರಿಂದಲೇ ಚಿತ್ರ ಮುಗಿದ ಎರಡು ವರ್ಷದೊಳಗೆ ಕೆನಡಾದಲ್ಲಿ ಪ್ರದರ್ಶನವಾಗುತ್ತದೆಂಬ ಲಿಖಿತ ಒಪ್ಪಂದವೂ ಬೇಕು, ಅದೂ ಕೆನಡಿಯನ್ ವಿತರಕರೊಂದಿಗೆ ಅಥವಾ ಮಾನ್ಯತೆ ಪಡೆದ ಪ್ರಸಾರಕರೊಂದಿಗೆ. ಆ ಎರಡು ವರ್ಷ ಕೆನಡಿಯನ್ನರಲ್ಲದವರು ಚಿತ್ರವನ್ನು ಕೆನಡಾದಲ್ಲಿ ವಿತರಿಸಿದರೆ ಅರ್ಹತೆಯೇ ಹೋಗುತ್ತದೆ. ಕನ್ನಡ ಚಿತ್ರಗಳ ವ್ಯವಹಾರದಲ್ಲಿ ‘ಉತ್ತರ ಅಮೆರಿಕ’ ಎಂಬ ಒಂದೇ ಪ್ರದೇಶವನ್ನು ಅಮೆರಿಕದ ವಿತರಕರಿಗೆ ಕೊಡುವುದು ಸಾಮಾನ್ಯವಾದ್ದರಿಂದ, ಕರಾರಿನಲ್ಲಿ ‘ಕೆನಡಾ ಹೊರತುಪಡಿಸಿ’ ಎಂಬ ಎರಡು ಪದ ಸೇರಿಸುವುದನ್ನು ಮರೆಯಬಾರದು.

ಭಾರತದಿಂದಲೂ ನಿಜವಾದ ಪಾಲುದಾರರು ಸಿಗುವುದಾದರೆ ಸಹನಿರ್ಮಾಣದ ದಾರಿ ಇದೆ. ಭಾರತ ಮತ್ತು ಕೆನಡಾ 2014ರಲ್ಲಿ ಶ್ರವ್ಯ-ದೃಶ್ಯ ಸಹನಿರ್ಮಾಣ ಒಪ್ಪಂದಕ್ಕೆ ಸಹಿ ಹಾಕಿವೆ. ಅದರಡಿ ಮಾನ್ಯವಾದ ಚಿತ್ರವನ್ನು ಎರಡೂ ದೇಶಗಳು ಸ್ವಂತ ಚಿತ್ರವೆಂದು ಪರಿಗಣಿಸುತ್ತವೆ. ಕೆನಡಾದ ಕಡೆಯಿಂದ ಅರ್ಜಿ ಟೆಲಿಫಿಲ್ಮ್ ಮೂಲಕ, ಚಿತ್ರೀಕರಣ ಆರಂಭಕ್ಕೆ ಕನಿಷ್ಠ 30 ದಿನ ಮೊದಲು ಹೋಗಬೇಕು.

ಹಂತ 6: ಬ್ಯಾಂಕಿನ ಸಾಲ

ಕ್ರೆಡಿಟ್ ಹಣ ಬರುವುದು ಖರ್ಚು ಮಾಡಿ, ತೆರಿಗೆ ವಿವರ ಸಲ್ಲಿಸಿ, ತಿಂಗಳುಗಳು ಕಳೆದ ಮೇಲೆ. ಚಿತ್ರೀಕರಣಕ್ಕೆ ಹಣ ಇವತ್ತು ಬೇಕು. ಈ ಅಂತರ ತುಂಬಲು ಬ್ಯಾಂಕುಗಳು ಮುಂದೆ ಬರುವ ಕ್ರೆಡಿಟ್ಟನ್ನೇ ಅಡಮಾನವಾಗಿಟ್ಟುಕೊಂಡು ಸಾಲ ಕೊಡುತ್ತವೆ. ರಾಯಲ್ ಬ್ಯಾಂಕ್ ಮತ್ತು ನ್ಯಾಷನಲ್ ಬ್ಯಾಂಕ್‌ನಲ್ಲಿ ಇದಕ್ಕೆಂದೇ ವಿಭಾಗಗಳಿವೆ. ಪೂರ್ತಿ ಮೊತ್ತ ಯಾರೂ ಕೊಡುವುದಿಲ್ಲ. ನಮ್ಮ 3,23,825 ಡಾಲರಿನ ಮೇಲೆ ಶೇ. 85 ಕೊಟ್ಟರೆ ಕೈಗೆ ಬರುವುದು ಸುಮಾರು 2,75,000. ಅದರಲ್ಲೂ ಬಡ್ಡಿ, ವಕೀಲರ ಶುಲ್ಕ ಕಳೆಯಬೇಕು. ಈ ಕೊರತೆಯನ್ನು ಬಜೆಟ್ಟಿನಲ್ಲೇ ತೋರಿಸದವರು ಸಂಕಲನದ ಹೊತ್ತಿಗೆ ಬರಿಗೈಯಾಗಿರುತ್ತಾರೆ. ಬಜೆಟ್ ದೊಡ್ಡದಾದರೆ ಬ್ಯಾಂಕು ಪೂರ್ಣಗೊಳಿಸುವ ಖಾತರಿಯನ್ನೂ ಕೇಳುತ್ತದೆ, ಅಂದರೆ ಚಿತ್ರ ಅರ್ಧಕ್ಕೆ ನಿಂತರೆ ಮುಗಿಸಿಕೊಡುವ ಹೊಣೆ ಖಾತರಿ ಕಂಪನಿಯದು.

ಪ್ರಾಂತ್ಯದ ರಾಜಕೀಯವನ್ನೂ ಬ್ಯಾಂಕಿನವರು ಗಮನಿಸುತ್ತಾರೆ. ಸಸ್ಕಾಚುವಾನ್ 2012ರಲ್ಲಿ, ನೋವಾ ಸ್ಕೋಶಿಯಾ 2015ರಲ್ಲಿ ತಮ್ಮ ತೆರಿಗೆ ಕ್ರೆಡಿಟ್ಟನ್ನು ರದ್ದು ಮಾಡಿದ್ದವು, ತಂತ್ರಜ್ಞರು ಗುಂಪಾಗಿ ಬೇರೆ ಪ್ರಾಂತ್ಯಗಳಿಗೆ ವಲಸೆ ಹೋದರು.

ಹಂತ 7: ಚಿತ್ರೀಕರಣದ ದಿನಗಳ ಕಾಗದ

ನಟರ ಸಂಘ ಆಕ್ಟ್ರಾ, ನಿರ್ದೇಶಕರ ಗಿಲ್ಡ್, ತಂತ್ರಜ್ಞರ ಐಯಾಟ್ಸೆ ಅಥವಾ ನಬೆಟ್, ಲೇಖಕರ ಗಿಲ್ಡ್ ಇವರಲ್ಲಿ ಯಾರ ಸದಸ್ಯರನ್ನು ತೆಗೆದುಕೊಳ್ಳುತ್ತೀರೋ ಅವರ ಒಪ್ಪಂದಕ್ಕೆ ಮೊದಲೇ ಸಹಿ ಹಾಕಬೇಕು. ಸಣ್ಣ ಬಜೆಟ್ಟಿಗೆ ಆಕ್ಟ್ರಾದಲ್ಲಿ ರಿಯಾಯಿತಿ ಯೋಜನೆಯಿದೆ, ಕೇಳಿ ಪಡೆದುಕೊಳ್ಳಬೇಕು. ಸಂಬಳ ಪಾವತಿಯನ್ನು ಸಿನಿಮಾ ಸಂಬಳವನ್ನೇ ನೋಡಿಕೊಳ್ಳುವ ಪೇರೋಲ್ ಕಂಪನಿಗೆ ವಹಿಸುವುದು ಲೇಸು. ಪಿಂಚಣಿ, ಉದ್ಯೋಗ ವಿಮೆ, ರಜಾ ವೇತನದ ಕಡಿತಗಳನ್ನು ಅವರೇ ಕಟ್ಟುತ್ತಾರೆ. ವಾಸಸ್ಥಳದ ಘೋಷಣಾ ಪತ್ರ ಮಾತ್ರ ಮೊದಲ ಸಂಬಳಕ್ಕೆ ಮುಂಚೆಯೇ ಕೈಗೆ ಬರಬೇಕು. ಚಿತ್ರ ಮುಗಿದು ಎಲ್ಲರೂ ಬೇರೆ ಬೇರೆ ಸೆಟ್ಟುಗಳಿಗೆ ಹೋದ ಮೇಲೆ ಒಂದು ಸಹಿಗಾಗಿ ಇಪ್ಪತ್ತು ಸಲ ಫೋನ್ ಮಾಡಿದರೂ ಉತ್ತರ ಬರುವುದಿಲ್ಲ. ‘ಪತ್ರ ಕೊಟ್ಟವರಿಗೆ ಚೆಕ್ಕು’ ಎಂಬ ಕಟ್ಟುನಿಟ್ಟು ನಿಷ್ಠುರವೆನಿಸಿದರೂ ನಾನು ಅದನ್ನು ಬಿಡುವುದಿಲ್ಲ.

ಹಂತ 8: ಪ್ರಮಾಣಪತ್ರ ಮತ್ತು ಹಣ

ಕ್ಯಾವ್ಕೋಗೆ ಎರಡು ಸಲ ಅರ್ಜಿ. ‘ಪಾರ್ಟ್ ಎ’ ಚಿತ್ರ ಮುಗಿಯುವ ಮೊದಲು, ಅಂದಾಜು ಬಜೆಟ್ ಮತ್ತು ಒಪ್ಪಂದಗಳ ಆಧಾರದಲ್ಲಿ. ಇದು ಕೈಗೆ ಬಂದರೆ ಸಿಆರ್‌ಎಯಿಂದ ಹಣ ಕೇಳಬಹುದು, ಬ್ಯಾಂಕೂ ಇದನ್ನೇ ನೋಡಿ ಸಾಲ ಬಿಡುಗಡೆ ಮಾಡುತ್ತದೆ. ‘ಪಾರ್ಟ್ ಬಿ’ ಚಿತ್ರ ಮುಗಿದ ಮೇಲೆ, ಅಂತಿಮ ಲೆಕ್ಕದೊಂದಿಗೆ. ವೆಚ್ಚ 5 ಲಕ್ಷ ಡಾಲರ್ ಮುಟ್ಟಿದ ಚಿತ್ರಕ್ಕೆ ಲೆಕ್ಕಪರಿಶೋಧಕರ ವರದಿ ಬೇಕು. ಚಿತ್ರೀಕರಣ ಆರಂಭವಾದ ತೆರಿಗೆ ವರ್ಷದ ಕೊನೆಯಿಂದ 24 ತಿಂಗಳೊಳಗೆ ಇದು ಮುಗಿಯಬೇಕು. ಇನ್ನೂ 18 ತಿಂಗಳು ಬೇಕಿದ್ದರೆ ಸಿಆರ್‌ಎಗೆ ಮುಂಚಿತವಾಗಿ ವಿನಾಯಿತಿ ಪತ್ರ ಬರೆದುಕೊಡಬೇಕು. ಪಾರ್ಟ್ ಬಿ ಬಾರದೆ ಹೋದರೆ ಪಾರ್ಟ್ ಎ ರದ್ದಾಗಿ, ಪಡೆದ ಹಣವನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕಾಗುತ್ತದೆ. ಪ್ರಾಂತ್ಯದ ಪ್ರಮಾಣಪತ್ರ ಕೊಡುವುದು ಒಂಟಾರಿಯೊ ಕ್ರಿಯೇಟ್ಸ್ ಎಂಬ ಸಂಸ್ಥೆ, ಅದಕ್ಕೆ ಬೇರೆಯೇ ಅರ್ಜಿ.

ಹಣ ಕೇಳುವುದು ಕಂಪನಿಯ ತೆರಿಗೆ ವಿವರದ ಜೊತೆಯಲ್ಲಿ: ಫೆಡರಲ್ ಕ್ರೆಡಿಟ್‌ಗೆ ಟಿ1131 ನಮೂನೆ, ಒಂಟಾರಿಯೊದ್ದಕ್ಕೆ ಷೆಡ್ಯೂಲ್ 556. ಎರಡನ್ನೂ ಪರಿಶೀಲಿಸುವುದು ಸಿಆರ್‌ಎ. ಅವರ ಅಧಿಕಾರಿ ಸಾಮಾನ್ಯವಾಗಿ ಸಂಬಳದ ಪಟ್ಟಿಯಿಂದ ಕೆಲವು ಹೆಸರುಗಳನ್ನು ಆರಿಸಿ, ಅವರ ಕರಾರು, ಪಾವತಿಯ ದಾಖಲೆ ಮತ್ತು ವಾಸಸ್ಥಳದ ಪತ್ರ ಕಳಿಸಲು ಹೇಳುತ್ತಾರೆ. ಹೆಸರಿನ ಅಕಾರಾದಿಯಲ್ಲಿ ಜೋಡಿಸಿದ ಕಡತ ಇದ್ದರೆ ಆ ದಿನವೇ ಉತ್ತರ ಕೊಡಬಹುದು. ಹಣ ಮೊದಲು ಬ್ಯಾಂಕಿನ ಸಾಲದ ಖಾತೆಗೆ ಹೋಗಿ, ಅಸಲು ಬಡ್ಡಿ ತೀರಿ ಉಳಿದದ್ದು ಕಂಪನಿಗೆ ಬರುತ್ತದೆ. ಕಡತಗಳನ್ನು ಅದಾದ ಮೇಲೂ ಆರು ವರ್ಷ ಇಟ್ಟುಕೊಳ್ಳಬೇಕು. ನನ್ನ ಮನೆಯ ನೆಲಮಾಳಿಗೆಯಲ್ಲಿ, ಫರ್ನೇಸಿನ ಪಕ್ಕದ ಒಣಜಾಗದಲ್ಲಿ, ಅಂಥ ಹನ್ನೊಂದು ಪೆಟ್ಟಿಗೆಗಳಿವೆ.